ಉತ್ಸವದ ಲೆಕ್ಕಪುಸ್ತಕ ಯಾರ ಕೈಯಲ್ಲಿ? – ಸ್ಯಾನ್ ಆಂಟೋನಿಯೋ ನಗರದ ಫಿಯೆಸ್ಟಾ

ಅಮೆರಿಕದ ಟೆಕ್ಸಾಸ್ ರಾಜ್ಯದ ಸ್ಯಾನ್ ಆಂಟೋನಿಯೋ ನಗರದಲ್ಲಿ ವರ್ಷದ ಆರಂಭದಿಂದಲೇ ಅನೇಕ ಮನೆಗಳಲ್ಲಿ ಮೊಟ್ಟೆ ಒಡೆಯುವ ಕ್ರಮ ಬದಲಾಗುತ್ತದೆ. ಮೊಟ್ಟೆಯ ಒಂದು ತುದಿಯಲ್ಲಿ ಮಾತ್ರ ಸಣ್ಣ ರಂಧ್ರ ಮಾಡಿ, ಒಳಗಿನದನ್ನು ಬಾಣಲೆಗೆ ಸುರಿದು, ಚಿಪ್ಪನ್ನು ತೊಳೆದು ಒಣಗಿಸಿ ಜೋಪಾನವಾಗಿ ಎತ್ತಿಡುತ್ತಾರೆ. ಏಪ್ರಿಲ್ ಸಮೀಪಿಸಿದಂತೆ ಆ ಚಿಪ್ಪುಗಳಿಗೆ ಬಣ್ಣ ಹಾಕಿ, ಒಳಗೆ ಕಾಗದದ ಚೂರುಗಳನ್ನು ತುಂಬಿ, ಬಾಯಿಗೆ ತೆಳು ಕಾಗದ ಅಂಟಿಸಿದರೆ ‘ಕಸ್ಕರೋನ್’ ಸಿದ್ಧವಾಗುತ್ತದೆ. ಉತ್ಸವದ ಬೀದಿಯಲ್ಲಿ ಅದನ್ನು ಕೊಂಡು ಸ್ನೇಹಿತರ ತಲೆಯ ಮೇಲೆ, ಕೆಲವೊಮ್ಮೆ ಅಪರಿಚಿತರ ತಲೆಯ ಮೇಲೂ, ಒಡೆಯುವುದು ವಾಡಿಕೆ. ಒಡೆಸಿಕೊಂಡವರು ಕೋಪಿಸಿಕೊಳ್ಳುವಂತಿಲ್ಲ.

ವೆಚ್ಚದ ಲೆಕ್ಕ ಬಲ್ಲವರಿಗೆ ಈ ಪದಾರ್ಥ ಕುತೂಹಲಕಾರಿ. ಇದರ ಮುಖ್ಯ ಕಚ್ಚಾವಸ್ತು ಕಸದ ಬುಟ್ಟಿಗೆ ಹೋಗಬೇಕಾಗಿದ್ದ ಚಿಪ್ಪು. ಬಣ್ಣ, ಅಂಟು, ಕಾಗದಗಳ ಖರ್ಚು ಅತ್ಯಲ್ಪ. ಉಳಿದದ್ದೆಲ್ಲ ಮನೆಯ ಹೆಂಗಸರ, ಮಕ್ಕಳ, ಅಜ್ಜಿಯರ ಬಿಡುವಿನ ವೇಳೆಯ ದುಡಿಮೆ. ಯಂತ್ರವಿಲ್ಲ, ಸಾಲವಿಲ್ಲ, ಗೋದಾಮಿನ ಬಾಡಿಗೆಯಿಲ್ಲ. ಮೆಕ್ಸಿಕೋದಿಂದ ಬಂದ ಒಂದು ಪರಂಪರೆ ಈ ಬಗೆಯಲ್ಲಿ ಗೃಹೋದ್ಯಮವಾಗಿ ಉಳಿದುಕೊಂಡಿದೆ.

ಸ್ಪ್ಯಾನಿಷ್ ಭಾಷೆ ಮತ್ತು ಲ್ಯಾಟಿನ್ ಅಮೆರಿಕದ ಮೂಲವುಳ್ಳ ಜನರನ್ನು ಅಮೆರಿಕದಲ್ಲಿ ‘ಲ್ಯಾಟಿನೋ’ ಎಂದು ಕರೆಯುತ್ತಾರೆ. 2020ರ ಜನಗಣತಿಯಂತೆ ಸುಮಾರು 14 ಲಕ್ಷ 34 ಸಾವಿರ ಜನಸಂಖ್ಯೆಯುಳ್ಳ ಸ್ಯಾನ್ ಆಂಟೋನಿಯೋದಲ್ಲಿ ಅವರೇ ಬಹುಸಂಖ್ಯಾತರು. ಅವರ ಇತಿಹಾಸವನ್ನು ಗೌರವಿಸುವ ಸಲುವಾಗಿ ಅಮೆರಿಕ ಸರ್ಕಾರ 1968ರಲ್ಲಿ ಒಂದು ಸಪ್ತಾಹವನ್ನು ಗೊತ್ತುಪಡಿಸಿತು. 1988ರಲ್ಲಿ ಅದನ್ನು ಸೆಪ್ಟೆಂಬರ್ 15ರಿಂದ ಅಕ್ಟೋಬರ್ 15ರವರೆಗಿನ ಮಾಸಾಚರಣೆಯಾಗಿ ವಿಸ್ತರಿಸಲಾಯಿತು. ಆದರೆ ಸರ್ಕಾರಿ ಆಚರಣೆಗಳಿಗಿಂತ ಜನರೇ ಖರ್ಚು ಮಾಡಿ, ಜನರೇ ಸಂಪಾದಿಸಿ ನಡೆಸುವ ಉತ್ಸವಗಳು ವ್ಯಾಪಾರಸ್ಥರ ಗಮನಕ್ಕೆ ಹೆಚ್ಚು ಯೋಗ್ಯವಾಗಿವೆ. ಹನ್ನೊಂದು ದಿನಗಳ ಆಸುಪಾಸು ನಡೆಯುವ, ನೂರಕ್ಕೂ ಹೆಚ್ಚು ಕಾರ್ಯಕ್ರಮಗಳಿರುವ ಸ್ಯಾನ್ ಆಂಟೋನಿಯೋದ ‘ಫಿಯೆಸ್ಟಾ’ ಅಂಥದೊಂದು ಉತ್ಸವ.

ಗೆದ್ದವರ ಹಬ್ಬ

ಇಂದು ಲ್ಯಾಟಿನೋ ಸಂಸ್ಕೃತಿಯ ಮಹೋತ್ಸವವೆಂದು ಪ್ರಸಿದ್ಧವಾಗಿರುವ ಈ ಹಬ್ಬ ಹುಟ್ಟಿದ್ದು ಮೆಕ್ಸಿಕೋದ ಸೋಲಿನ ಸ್ಮರಣೆಗಾಗಿ ಎಂಬುದು ವಿಪರ್ಯಾಸ. 1718ರಲ್ಲಿ ಸ್ಪೇನಿನವರು ಸ್ಥಾಪಿಸಿದ ಈ ಊರು ಮುಂದೆ ಮೆಕ್ಸಿಕೋಗೆ ಸೇರಿತು. 1836ರ ಮಾರ್ಚ್ 6ರಂದು ಮೆಕ್ಸಿಕೋದ ಸೇನೆ ಇಲ್ಲಿನ ಅಲಾಮೋ ಕೋಟೆಯನ್ನು ವಶಪಡಿಸಿಕೊಂಡು ಬಂಡುಕೋರರನ್ನು ಸಂಹರಿಸಿತು. ಅದೇ ವರ್ಷ ಏಪ್ರಿಲ್ 21ರಂದು ಸ್ಯಾನ್ ಜಸಿಂಟೋ ಕಾಳಗದಲ್ಲಿ ಬಂಡುಕೋರರು ಗೆದ್ದು ಟೆಕ್ಸಾಸ್ ಸ್ವತಂತ್ರವಾಯಿತು. 1845ರಲ್ಲಿ ಅಮೆರಿಕದ ಒಕ್ಕೂಟಕ್ಕೆ ಸೇರಿತು. ಆ ಬಂಡುಕೋರರ ಪಾಳೆಯದಲ್ಲಿ ಹ್ವಾನ್ ಸೆಗಿನ್‌ನಂತಹ ಸ್ಥಳೀಯ ಮೆಕ್ಸಿಕನ್ ಮೂಲದವರೂ ಇದ್ದರೆಂಬುದನ್ನು ನಂತರದ ತಲೆಮಾರುಗಳು ಬಹುಮಟ್ಟಿಗೆ ಮರೆತವು.

1891ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ ನಗರಕ್ಕೆ ಭೇಟಿ ನೀಡುವುದಿತ್ತು. ಊರಿನ ಪ್ರತಿಷ್ಠಿತ ಮನೆತನಗಳ ಮಹಿಳೆಯರು ಅದೇ ಸಂದರ್ಭಕ್ಕೆ ಸ್ಯಾನ್ ಜಸಿಂಟೋ ವಿಜಯದ ಸ್ಮರಣೆಯಾಗಿ ‘ಹೂವುಗಳ ಸಮರ’ ಎಂಬ ಮೆರವಣಿಗೆಯನ್ನು ಏರ್ಪಡಿಸಿದರು. ಅಂದು ಮಳೆ ಸುರಿದು ಅಧ್ಯಕ್ಷರು ಮೆರವಣಿಗೆ ನೋಡದೆಯೇ ಹೋದರು. ಮಹಿಳೆಯರು ಎದೆಗುಂದದೆ ಕೆಲವೇ ದಿನಗಳಲ್ಲಿ ಅಲಂಕೃತ ಸಾರೋಟುಗಳಲ್ಲಿ ಕುಳಿತು, ಅಲಾಮೋದ ಎದುರಿಗೆ ಪರಸ್ಪರ ಹೂವುಗಳನ್ನು ಎಸೆದಾಡಿದರು. ಆ ಮೆರವಣಿಗೆ ಇಂದಿಗೂ ಸಂಪೂರ್ಣವಾಗಿ ಮಹಿಳೆಯರ ಸಂಘದ ಆಡಳಿತದಲ್ಲಿಯೇ ಇದೆ. 1909ರಿಂದ ಪಟ್ಟಾಭಿಷೇಕದ ಸಮಾರಂಭವೂ ಸೇರಿಕೊಂಡಿತು. ಅದರಲ್ಲಿ ಶ್ರೀಮಂತ ಮನೆತನಗಳ ಯುವತಿಯರು ರಾಣಿ, ರಾಜಕುಮಾರಿಯರಾಗಿ, ಹರಳು ಕೂರಿಸಿದ ಉದ್ದ ಸೆರಗಿನ ನಿಲುವಂಗಿಗಳನ್ನು ಧರಿಸುತ್ತಾರೆ. ಒಂದೊಂದರ ತಯಾರಿಕೆಗೆ ಹತ್ತಾರು ಸಾವಿರ ಡಾಲರ್ ತಗಲುವುದುಂಟು. 1927ರಿಂದ ‘ರಾಜ ಆಂಟೋನಿಯೋ’ ಬಂದನು. ಅವನನ್ನು ಆರಿಸುವುದು ‘ಟೆಕ್ಸಾಸ್ ಕ್ಯಾವಲಿಯರ್ಸ್’ ಎಂಬ ಗಣ್ಯರ ಸಂಘ, ತನ್ನ ಸದಸ್ಯರ ನಡುವಿನಿಂದಲೇ.

ಮೆಕ್ಸಿಕನ್ ಮೂಲದ ಜನ ಆ ದಿನಗಳಲ್ಲಿ ಈ ಉತ್ಸವದ ಪ್ರೇಕ್ಷಕರಾಗಿದ್ದರು, ಕೆಲಸಗಾರರಾಗಿದ್ದರು, ಬೀದಿಬದಿಯ ಮಾರಾಟಗಾರರಾಗಿದ್ದರು. ಕಿರೀಟ ಮಾತ್ರ ಅವರಿಂದ ದೂರವಿತ್ತು.

ಹಣ ಕೂಡಿಸಿದವನೇ ರಾಜ

ಬದಲಾವಣೆ ಬಂದ ಬಗೆಯೇ ಈ ಉತ್ಸವದ ಇತಿಹಾಸದಲ್ಲಿ ಅತ್ಯಂತ ಸ್ವಾರಸ್ಯಕರವಾದ ಅಧ್ಯಾಯ. ಲ್ಯಾಟಿನೋ ನಾಗರಿಕರ ಹಕ್ಕುಗಳಿಗಾಗಿ 1929ರಲ್ಲಿ ಟೆಕ್ಸಾಸಿನ ಕಾರ್ಪಸ್ ಕ್ರಿಸ್ಟಿ ನಗರದಲ್ಲಿ ಸ್ಥಾಪಿತವಾದ ‘ಲುಲಾಕ್’ ಎಂಬ ಸಂಸ್ಥೆಯಿದೆ. ಅದರ ಸ್ಯಾನ್ ಆಂಟೋನಿಯೋ ಶಾಖೆ 1940ರ ದಶಕದ ಉತ್ತರಾರ್ಧದಲ್ಲಿ ‘ರೇ ಫೆಯೋ’ ಅಂದರೆ ‘ಕುರೂಪಿ ರಾಜ’ ಎಂಬ ಪದವಿಯನ್ನು ಸೃಷ್ಟಿಸಿತು. ಆಸ್ಥಾನದಿಂದ ಹೊರಗುಳಿದ ಸಾಮಾನ್ಯ ಜನ ರಾಜನನ್ನು ಅಣಕಿಸಲು ತಮ್ಮದೇ ರಾಜನನ್ನು ಆರಿಸಿಕೊಳ್ಳುತ್ತಿದ್ದ ಯೂರೋಪಿನ ಹಳೆಯ ಪದ್ಧತಿ ಇದಕ್ಕೆ ಆಧಾರ.

ಆಯ್ಕೆಯ ನಿಯಮ ಸರಳ. ಮನೆತನ ನೋಡುವಂತಿಲ್ಲ, ಸಂಘದ ಸದಸ್ಯತ್ವ ಬೇಕಿಲ್ಲ. ವಿದ್ಯಾರ್ಥಿವೇತನದ ನಿಧಿಗೆ ಯಾರು ಅತಿ ಹೆಚ್ಚು ಹಣ ಸಂಗ್ರಹಿಸುತ್ತಾರೋ ಅವರೇ ಆ ವರ್ಷದ ರಾಜ. ಕಾಲೇಜಿನ ಮೆಟ್ಟಿಲನ್ನೇ ಕಾಣದ ಕುಟುಂಬಗಳ ಮಕ್ಕಳ ಶುಲ್ಕಕ್ಕೆ ಆ ಹಣ ವಿನಿಯೋಗವಾಗುತ್ತದೆ. ಕಿರೀಟವನ್ನು ಹಣಕ್ಕೆ ಮಾರಿದಂತಾಯಿತಲ್ಲವೇ ಎಂದು ಆಕ್ಷೇಪಿಸುವವರಿರಬಹುದು. ಒಂದರ್ಥದಲ್ಲಿ ಅದು ನಿಜವೇ. ವಿಸ್ತಾರವಾದ ವ್ಯಾಪಾರ ಸಂಪರ್ಕವಿಲ್ಲದವನು ಈ ಸ್ಪರ್ಧೆಯಲ್ಲಿ ಗೆಲ್ಲುವುದು ಕಷ್ಟ. ಆದರೆ ಬೆಲೆ ಎಷ್ಟು, ಅದು ಯಾರಿಗೆ ಸಂದಿತು ಎಂಬೆರಡೂ ಬಹಿರಂಗವಾಗಿರುವ ಮಾರಾಟ ಇದು. ಬೆಲೆ ಕಾಣಿಸದೆ ಗಣ್ಯರ ಸಂಘದೊಳಗೆ ಹಸ್ತಾಂತರವಾಗುವ ಕಿರೀಟಕ್ಕಿಂತ ಇದರ ಲೆಕ್ಕ ಸ್ವಚ್ಛ.

ಆದರೂ ಈ ರಾಜನಿಗೆ ಅಧಿಕೃತ ಸ್ಥಾನ ದೊರೆಯಲು 1980ರವರೆಗೆ ಕಾಯಬೇಕಾಯಿತು. ಮೂರು ದಶಕಗಳಿಗೂ ಹೆಚ್ಚು ಕಾಲ ಉತ್ಸವದ ಅಂಚಿನಲ್ಲಿಯೇ ನಿಂತು, ಪ್ರತಿವರ್ಷ ಹಣ ಕೂಡಿಸಿ, ಪ್ರತಿವರ್ಷ ಹಂಚಿದ ನಂತರವಷ್ಟೇ ಕುರೂಪಿ ರಾಜನು ರಾಜ ಆಂಟೋನಿಯೋನ ಸಮಕ್ಕೆ ಬಂದನು. ಈಗ ಇಬ್ಬರೂ ಉತ್ಸವದ ದಿನಗಳಲ್ಲಿ ಶಾಲೆಗಳಿಗೆ ಭೇಟಿ ನೀಡಿ ಮಕ್ಕಳಿಗೆ ಪದಕಗಳನ್ನು ಹಂಚುತ್ತಾರೆ. ಕ್ಯಾವಲಿಯರ್ಸ್ ಸಂಘವೂ ಮಕ್ಕಳ ಸೇವಾಸಂಸ್ಥೆಗಳಿಗಾಗಿ ದೊಡ್ಡ ಮೊತ್ತ ಸಂಗ್ರಹಿಸುತ್ತದೆ.

ಬೀದಿಯ ರಾಣಿಯರು ಮತ್ತು ಮೆಣಸಿನಪುಡಿ

ಈ ಊರಿನಲ್ಲಿ ಕಿರೀಟವಿಲ್ಲದ ರಾಣಿಯರೂ ಇದ್ದರು. 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಸಂಜೆಯಾದೊಡನೆ ಮೆಕ್ಸಿಕನ್ ಮಹಿಳೆಯರು ನಗರದ ಚೌಕಗಳಲ್ಲಿ ಮೇಜು, ಬೆಂಚು, ಲಾಂದ್ರಗಳನ್ನು ಹೂಡಿ, ಮೆಣಸಿನಕಾಯಿ ಹಾಕಿ ಬೇಯಿಸಿದ ಮಾಂಸದ ‘ಚಿಲಿ’ಯನ್ನು ಮಾರುತ್ತಿದ್ದರು. ಗಾಡಿ ಹೊಡೆಯುವವರು, ಸೈನಿಕರು, ಪ್ರವಾಸಿಗರು ಎಲ್ಲರೂ ಅವರ ಗಿರಾಕಿಗಳು. ಪತ್ರಿಕೆಗಳು ಇವರನ್ನು ‘ಚಿಲಿ ಕ್ವೀನ್ಸ್’ ಎಂದು ಹೊಗಳಿದವು. ಇವರ ಅಡುಗೆಯ ಖ್ಯಾತಿ ಎಷ್ಟಿತ್ತೆಂದರೆ 1893ರ ಷಿಕಾಗೋ ವಿಶ್ವ ಮೇಳದಲ್ಲಿ ‘ಸ್ಯಾನ್ ಆಂಟೋನಿಯೋ ಚಿಲಿ’ಯ ಮಳಿಗೆಯೇ ತೆರೆಯಿತು.

ಇದೇ ಕಾಲದಲ್ಲಿ ಸಮೀಪದ ನ್ಯೂ ಬ್ರೌನ್‌ಫೆಲ್ಸ್ ಊರಿನಲ್ಲಿ ವಿಲಿಯಂ ಗೆಬ್‌ಹಾರ್ಟ್ ಎಂಬ ಜರ್ಮನ್ ಮೂಲದ ವ್ಯಾಪಾರಿ ಒಂದು ವಿಷಯ ಗಮನಿಸಿದನು. ಮೆಣಸಿನಕಾಯಿ ವರ್ಷವಿಡೀ ಸಿಗುತ್ತಿರಲಿಲ್ಲ. ಮೆಕ್ಸಿಕೋದಿಂದ ತರಿಸಿದ ಮೆಣಸಿನಕಾಯಿಯನ್ನು ಒಣಗಿಸಿ, ಮಾಂಸ ಅರೆಯುವ ಯಂತ್ರದಲ್ಲಿ ಪುಡಿಮಾಡಿ, ಗಾಳಿಯಾಡದಂತೆ ಶೀಶೆಗಳಲ್ಲಿ ತುಂಬಿ ಮಾರತೊಡಗಿದನು. 1890ರ ದಶಕದಲ್ಲಿಯೇ ಕಾರ್ಖಾನೆಯನ್ನು ಸ್ಯಾನ್ ಆಂಟೋನಿಯೋಗೆ ಸ್ಥಳಾಂತರಿಸಿದನು. ಅವನ ‘ಈಗಲ್ ಬ್ರ್ಯಾಂಡ್’ ಮೆಣಸಿನಪುಡಿ ಅಮೆರಿಕದಾದ್ಯಂತ ಹಬ್ಬಿತು. 1960ರಲ್ಲಿ ಆ ಸಂಸ್ಥೆಯನ್ನು ಬಿಯಾಟ್ರಿಸ್ ಫುಡ್ಸ್ ಎಂಬ ಬೃಹತ್ ಕಂಪನಿ ಕೊಂಡುಕೊಂಡಿತು. ಮೆಣಸಿನಕಾಯಿಯ ಮೂಲ ಅಮೆರಿಕ ಖಂಡವೇ ಎಂಬುದನ್ನೂ, ಪೋರ್ಚುಗೀಸರ ಹಡಗುಗಳಲ್ಲಿ ಅದು ಭಾರತದ ಪಶ್ಚಿಮ ಕರಾವಳಿಗೆ ಬಂದು ಕಾಲಾನಂತರ ಬ್ಯಾಡಗಿಯ ಮಾರುಕಟ್ಟೆಗೆ ಹೆಸರು ತಂದುಕೊಟ್ಟಿತೆಂಬುದನ್ನೂ ಇಲ್ಲಿ ಸ್ಮರಿಸಬಹುದು. ಬಣ್ಣ, ಖಾರ, ತೇವಾಂಶಗಳ ಲೆಕ್ಕದಲ್ಲಿ ದರ ಕಟ್ಟುವ ವರ್ತಕರಿಗೆ ಗೆಬ್‌ಹಾರ್ಟನ ಸಮಸ್ಯೆ ಹೊಸದೆನಿಸದು.

ಬೀದಿಯ ರಾಣಿಯರ ಗತಿ ಬೇರೆಯಾಯಿತು. ಚೌಕದಿಂದ ಚೌಕಕ್ಕೆ ಅವರನ್ನು ಅಟ್ಟಲಾಯಿತು. 1930ರ ದಶಕದ ಉತ್ತರಾರ್ಧದಲ್ಲಿ ನಗರದ ಆರೋಗ್ಯ ಇಲಾಖೆ, ಹೋಟೆಲುಗಳಿಗಿದ್ದ ನೈರ್ಮಲ್ಯದ ನಿಯಮಗಳನ್ನು ಬಯಲಿನ ಮೇಜುಗಳಿಗೂ ಅನ್ವಯಿಸಿತು. ಮೇಯರ್ ಮೌರಿ ಮೇವರಿಕ್ 1939ರಲ್ಲಿ ಅವರನ್ನು ಮರಳಿ ತರಲು ಯತ್ನಿಸಿದರೂ ಅದು ಹೆಚ್ಚು ಕಾಲ ನಿಲ್ಲಲಿಲ್ಲ. ನೈರ್ಮಲ್ಯ ಬೇಡವೆಂದು ಯಾರೂ ಹೇಳಲಾರರು. ಆದರೆ ನಿಯಮ ಪಾಲಿಸಲು ಬೇಕಾದ ಬಂಡವಾಳ ಕಾರ್ಖಾನೆಗಿತ್ತು, ಲಾಂದ್ರದ ಬೆಳಕಿನಲ್ಲಿ ಬಟ್ಟಲು ಲೆಕ್ಕದಲ್ಲಿ ಮಾರುತ್ತಿದ್ದವರಿಗೆ ಇರಲಿಲ್ಲ. 1977ರಲ್ಲಿ ಚಿಲಿಯನ್ನು ಟೆಕ್ಸಾಸ್ ರಾಜ್ಯದ ಅಧಿಕೃತ ಖಾದ್ಯವೆಂದು ಘೋಷಿಸಿದಾಗ ಅದನ್ನು ಪ್ರಸಿದ್ಧಗೊಳಿಸಿದ ಚೌಕಗಳಲ್ಲಿ ಆ ಮೇಜುಗಳು ಇರಲಿಲ್ಲ.

ನಾಲ್ಕು ರಾತ್ರಿಯ ಆದಾಯ

ಫಿಯೆಸ್ಟಾದ ಹಣಕಾಸಿನ ರಚನೆ ಗಮನಾರ್ಹವಾದುದು. ಕೇಂದ್ರದಲ್ಲಿ ಒಂದು ಫಿಯೆಸ್ಟಾ ಆಯೋಗವಿದೆ. ಅದು ದಿನಾಂಕ, ಪರವಾನಗಿ, ಲಾಂಛನ, ಪ್ರಚಾರ ಮುಂತಾದವನ್ನು ನೋಡಿಕೊಳ್ಳುತ್ತದೆ. ಕಾರ್ಯಕ್ರಮಗಳ ಹೊಣೆಯನ್ನು ಮಾತ್ರ ಬಹುಮಟ್ಟಿಗೆ ಸ್ಥಳೀಯ ಲಾಭೋದ್ದೇಶರಹಿತ ಸಂಸ್ಥೆಗಳೇ ಹೊರುತ್ತವೆ. ಶಾಲೆ, ಚರ್ಚು, ವಿಶ್ವವಿದ್ಯಾನಿಲಯದ ಹಳೆಯ ವಿದ್ಯಾರ್ಥಿ ಸಂಘ, ಸೇವಾಸಂಘಗಳು ತಮ್ಮ ಕಾರ್ಯಕ್ರಮದ ನಷ್ಟವನ್ನು ತಾವೇ ಭರಿಸಿ, ಲಾಭವನ್ನು ತಮ್ಮ ಉದ್ದೇಶಕ್ಕೆ ಬಳಸುತ್ತವೆ. ಸೇಂಟ್ ಮೇರೀಸ್ ವಿಶ್ವವಿದ್ಯಾನಿಲಯದ ‘ಆಯ್ಸ್ಟರ್ ಬೇಕ್’ 1916ರಿಂದ ಹೀಗೆ ನಡೆದುಬಂದಿದೆ.

ಇವುಗಳಲ್ಲಿ ಅತ್ಯಂತ ಹೆಸರಾದದ್ದು ‘ನಿಯೋಸಾ’, ಅಂದರೆ ‘ಹಳೆಯ ಸ್ಯಾನ್ ಆಂಟೋನಿಯೋದಲ್ಲಿ ಒಂದು ರಾತ್ರಿ’. ಹೆಸರಿಗೆ ಒಂದು ರಾತ್ರಿಯಾದರೂ ನಡೆಯುವುದು ನಾಲ್ಕು ರಾತ್ರಿ. ಇದನ್ನು ನಡೆಸುವ ಸಂರಕ್ಷಣಾ ಸಂಘವು, ಕೆಡವಲು ಉದ್ದೇಶಿಸಿದ್ದ ಹಳೆಯ ಮಾರುಕಟ್ಟೆ ಕಟ್ಟಡವೊಂದನ್ನು ಉಳಿಸಲು 1924ರಲ್ಲಿ ಮಹಿಳೆಯರು ಕಟ್ಟಿದ ಸಂಸ್ಥೆ. ಕಟ್ಟಡವನ್ನು ಉಳಿಸಿಕೊಳ್ಳಲಾಗಲಿಲ್ಲ, ಸಂಘ ಉಳಿಯಿತು. 1930ರ ದಶಕದ ಸಣ್ಣ ಮೇಳವೊಂದು ಬೆಳೆದು 1948ರಿಂದ ಈ ಹೆಸರು ಪಡೆಯಿತು. ಲಾ ವಿಲ್ಲಿಟಾ ಎಂಬ ಹಳೆಯ ಬಡಾವಣೆಯ ಕಿರಿದಾದ ಓಣಿಗಳಲ್ಲಿ ಮೆಕ್ಸಿಕನ್, ಜರ್ಮನ್, ಫ್ರೆಂಚ್, ಐರಿಷ್ ಮೊದಲಾದ ಜನಾಂಗಗಳ ವಿಭಾಗಗಳು, ಕೆಂಡದ ಮೇಲೆ ಸುಟ್ಟ ಮಾಂಸದ ಕಡ್ಡಿಗಳು, ಕೈಯಿಂದ ತಟ್ಟಿದ ಟೋರ್ಟಿಯಾ ರೊಟ್ಟಿಗಳು. ತಟ್ಟುವವರು, ಬಡಿಸುವವರು, ಗುಡಿಸುವವರು ಸಾವಿರಾರು ಸ್ವಯಂಸೇವಕರು. ಆದ್ದರಿಂದ ಕೂಲಿಯ ಬಾಬ್ತು ಬಹುಪಾಲು ಇಲ್ಲವೇ ಇಲ್ಲ. ದೀರ್ಘಕಾಲ ಇಲ್ಲಿ ಕೂಪನ್ ಪದ್ಧತಿ ರೂಢಿಯಲ್ಲಿತ್ತು: ಹಣ ಪಡೆಯುವ ಕೈ ಬೇರೆ, ತಿಂಡಿ ಕೊಡುವ ಕೈ ಬೇರೆ. ಆಂತರಿಕ ನಿಯಂತ್ರಣದ ಪಠ್ಯಪುಸ್ತಕ ಓದದವರೂ ಅನುಸರಿಸಬಹುದಾದ ಕ್ರಮ. ನಿವ್ವಳ ಆದಾಯ ಹಳೆಯ ಕಟ್ಟಡಗಳ ದುರಸ್ತಿ, ಖರೀದಿ ಮತ್ತು ಶಿಕ್ಷಣಕ್ಕೆ ಹೋಗುತ್ತದೆ. ಸ್ಪೇನ್ ಕಾಲದ ಮಿಷನ್ ಚರ್ಚುಗಳ ಉಳಿವಿಗಾಗಿಯೂ ಈ ಸಂಘ ಶ್ರಮಿಸಿದೆ. ಆ ಮಿಷನ್‌ಗಳಿಗೆ 2015ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಮಾನ್ಯತೆ ದೊರೆಯಿತು.

ಸಣ್ಣ ಉದ್ದಿಮೆದಾರರ ಪಾಲು ಬೇರೊಂದು ರೂಪದಲ್ಲಿದೆ. ಫಿಯೆಸ್ಟಾದ ಪದಕಗಳನ್ನು ಎದೆಯ ಪಟ್ಟಿಯ ತುಂಬ ಚುಚ್ಚಿಕೊಂಡು ತಿರುಗುವುದು, ಪರಸ್ಪರ ವಿನಿಮಯ ಮಾಡಿಕೊಳ್ಳುವುದು ಅಲ್ಲಿನ ಹುಚ್ಚು. ಬ್ಯಾಂಕು, ಆಸ್ಪತ್ರೆ, ಬೇಕರಿ, ಗ್ಯಾರೇಜು, ಪ್ರಾಣಿದಯಾ ಸಂಘ, ಎಲ್ಲರೂ ಪ್ರತಿವರ್ಷ ತಮ್ಮದೇ ಪದಕ ಹೊರತರುತ್ತಾರೆ. ಸೇವಾಸಂಸ್ಥೆಗಳಿಗೆ ಅದು ನಿಧಿಸಂಗ್ರಹ, ಅಂಗಡಿಗಳಿಗೆ ಜಾಹೀರಾತು. ಇಂತಹ ಅನೇಕ ಪದಕಗಳು ಎರಕಗೊಳ್ಳುವುದು ಚೀನಾದಲ್ಲಿ ಎಂಬುದು ಪರಂಪರೆಯ ಅಭಿಮಾನಿಗಳಿಗೆ ಇರುಸುಮುರುಸಿನ ಸಂಗತಿ. ಕಸ್ಕರೋನ್ ಮಾತ್ರ ಬಹುಮಟ್ಟಿಗೆ ಆ ಊರಿನ ಅಡುಗೆಮನೆಗಳಲ್ಲಿಯೇ ಉಳಿದಿದೆ.

ನ್ಯೂಯಾರ್ಕಿನ ಅನುಭವ

ಎಲ್ಲ ಲ್ಯಾಟಿನೋ ಉತ್ಸವಗಳ ಲೆಕ್ಕವೂ ಹೀಗೆಯೇ ಇರುತ್ತದೆಂದು ಭಾವಿಸುವಂತಿಲ್ಲ. ನ್ಯೂಯಾರ್ಕಿನ ಫಿಫ್ತ್ ಅವೆನ್ಯೂನಲ್ಲಿ ಜೂನ್ ತಿಂಗಳ ಎರಡನೆಯ ಭಾನುವಾರ ನಡೆಯುವ ಪೋರ್ಟೋ ರಿಕೋ ದಿನದ ಮೆರವಣಿಗೆ 1958ರಲ್ಲಿ ಆರಂಭವಾಯಿತು. ಮೆರವಣಿಗೆ ಬೆಳೆದಂತೆ ಪ್ರಾಯೋಜಕರೂ ಬೆಳೆದರು. ನಿಧಿಸಂಗ್ರಹದ ಕೆಲಸವನ್ನು ಲಾಭೋದ್ದೇಶದ ಖಾಸಗಿ ಕಂಪನಿಯೊಂದಕ್ಕೆ ವಹಿಸಲಾಯಿತು. 2013ರಲ್ಲಿ, ಆರೋಗ್ಯವನ್ನೇ ಘೋಷವಾಕ್ಯವಾಗಿಸಿಕೊಂಡಿದ್ದ ವರ್ಷದಲ್ಲಿ, ಬಿಯರ್ ಕಂಪನಿಯೊಂದರ ಡಬ್ಬಿಯ ಮೇಲೆ ಪೋರ್ಟೋ ರಿಕೋದ ಧ್ವಜವನ್ನು ನೆನಪಿಸುವ ಮೆರವಣಿಗೆಯ ಲಾಂಛನ ಕಾಣಿಸಿಕೊಂಡಿತು. ಸಮುದಾಯ ಕೆರಳಿತು, ಕಂಪನಿ ಆ ಡಬ್ಬಿಯನ್ನು ನಿಲ್ಲಿಸಿತು. ಆದರೆ ಲಾಂಛನವನ್ನು ಕೊಟ್ಟವರು ಯಾರು, ಬಂದ ಹಣ ಎಲ್ಲಿ ಎಂಬ ಪ್ರಶ್ನೆ ನಿಲ್ಲಲಿಲ್ಲ. ರಾಜ್ಯದ ಅಟಾರ್ನಿ ಜನರಲ್ ಕಚೇರಿ ತನಿಖೆ ನಡೆಸಿ, ಪ್ರಾಯೋಜಕರ ಹಣ ಮೆರವಣಿಗೆಗೆ ಸರಿಯಾಗಿ ತಲುಪಿಲ್ಲವೆಂದೂ ಆಡಳಿತ ಮಂಡಳಿ ಮೇಲ್ವಿಚಾರಣೆಯಲ್ಲಿ ವಿಫಲವಾಗಿದೆಯೆಂದೂ ಕಂಡುಕೊಂಡಿತು. 2014ರ ಫೆಬ್ರವರಿಯ ಒಪ್ಪಂದದಂತೆ ನಿಧಿಸಂಗ್ರಾಹಕನು 1 ಲಕ್ಷ ಡಾಲರ್ ಹಿಂದಿರುಗಿಸಬೇಕಾಯಿತು, ಮಂಡಳಿಯನ್ನು ಪುನಾರಚಿಸಲಾಯಿತು.

2017ರಲ್ಲಿ ಅದೇ ಮೆರವಣಿಗೆಯ ಮುಂದೆ ಇನ್ನೂ ಕಠಿಣವಾದ ಪ್ರಶ್ನೆ ಬಂದಿತು. ದೀರ್ಘಕಾಲ ಸೆರೆಮನೆಯಲ್ಲಿದ್ದು ಆ ವರ್ಷ ಬಿಡುಗಡೆಯಾದ ಪೋರ್ಟೋ ರಿಕೋ ಸ್ವಾತಂತ್ರ್ಯವಾದಿ ಆಸ್ಕರ್ ಲೋಪೆಜ್ ರಿವೆರಾ ಅವರನ್ನು ಗೌರವಿಸಲು ಸಂಘಟಕರು ನಿರ್ಧರಿಸಿದರು. ಕೆಲವರಿಗೆ ಅವರು ದೇಶಭಕ್ತ. ಬಾಂಬ್ ಸ್ಫೋಟಗಳನ್ನು ನಡೆಸಿದ ಗುಂಪಿಗೆ ಸೇರಿದವರೆಂದು ಇತರರು ಅವರನ್ನು ದ್ವೇಷಿಸಿದರು. ಪ್ರಾಯೋಜಕ ಕಂಪನಿಗಳು ಒಂದೊಂದಾಗಿ ಹಿಂದೆ ಸರಿದವು. ಆರಂಭದಿಂದಲೂ ಜೊತೆಗಿದ್ದ ಆಹಾರ ಕಂಪನಿ ಗೋಯಾ ಸಹ ದೂರವಾಯಿತು. ಕೊನೆಗೆ ಲೋಪೆಜ್ ರಿವೆರಾ ಗೌರವವನ್ನು ನಿರಾಕರಿಸಿ ಸಾಮಾನ್ಯ ನಾಗರಿಕನಂತೆ ನಡೆಯುವುದಾಗಿ ತಿಳಿಸಿದರು. ಮೆರವಣಿಗೆಯೇನೋ ನಡೆಯಿತು. ಸಂಘಟಕರು ಆರಿಸಿದ್ದು ಸರಿಯೋ ತಪ್ಪೋ ಎಂಬುದು ಬೇರೆಯೇ ಚರ್ಚೆ. ಅದು ಸಮುದಾಯದ ಸಭೆಯಲ್ಲಿ ತೀರ್ಮಾನವಾಗುವ ಮೊದಲೇ ಕಂಪನಿಗಳ ಪ್ರಚಾರ ವಿಭಾಗಗಳಲ್ಲಿ ತೀರ್ಮಾನವಾಯಿತು.

ಮೇ 5ರ ‘ಸಿಂಕೋ ದೆ ಮಾಯೋ’ದ ಕಥೆಯನ್ನು ವಿಸ್ತರಿಸಬೇಕಾಗಿಲ್ಲ. 1862ರಲ್ಲಿ ಪುಯೆಬ್ಲಾದಲ್ಲಿ ಫ್ರೆಂಚ್ ಸೇನೆಯನ್ನು ಮೆಕ್ಸಿಕೋ ಸೋಲಿಸಿದ ದಿನ ಅದು. ಕ್ಯಾಲಿಫೋರ್ನಿಯಾದ ಮೆಕ್ಸಿಕನ್ನರು ಆ ಕಾಲದಿಂದಲೇ ಆಚರಿಸುತ್ತಿದ್ದ ದಿನವನ್ನು 1980ರ ದಶಕದಲ್ಲಿ ಮದ್ಯದ ಕಂಪನಿಗಳು ಕೈಗೆತ್ತಿಕೊಂಡವು. ಮೆಕ್ಸಿಕೋದ ಸ್ವಾತಂತ್ರ್ಯ ದಿನ ಸೆಪ್ಟೆಂಬರ್ 16 ಆಗಿದ್ದರೂ ಅದು ಮೇ 5 ಎಂದೇ ನಂಬಿರುವ ಅಮೆರಿಕನ್ನರು ಅನೇಕರು.

ಬೀದಿ ಖಾಲಿಯಾದ ವರ್ಷ

2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣದಿಂದ ಫಿಯೆಸ್ಟಾವನ್ನು ನವೆಂಬರ್‌ಗೆ ಮುಂದೂಡಲಾಯಿತು; ನಂತರ ರದ್ದುಪಡಿಸಲಾಯಿತು. ಮಹಾಯುದ್ಧಗಳ ಕಾಲವನ್ನು ಬಿಟ್ಟರೆ ಇಂತಹ ಸಂದರ್ಭ ಬಂದಿರಲಿಲ್ಲ. ಒಂದೇ ಕಂಪನಿಯ ಒಡೆತನದ ಉತ್ಸವವಾಗಿದ್ದರೆ ಒಂದೇ ಆಯವ್ಯಯದಲ್ಲಿ ನಷ್ಟ ಕಾಣುತ್ತಿತ್ತು. ಇಲ್ಲಿ ನೂರಾರು ಸಣ್ಣ ಪುಸ್ತಕಗಳಲ್ಲಿ ಅದು ಹಂಚಿಹೋಯಿತು. ವರ್ಷದ ನಿಧಿಗೆ ಫಿಯೆಸ್ಟಾದ ಒಂದೆರಡು ದಿನಗಳನ್ನೇ ನೆಚ್ಚಿದ್ದ ಸಂಸ್ಥೆಗಳಿಗೆ ಹೊಡೆತ ಜೋರಾಗಿಯೇ ಬಿದ್ದಿತು. ಮುದ್ರಿಸಿಟ್ಟ 2020ರ ಪದಕಗಳು ದಾಸ್ತಾನಿನಲ್ಲಿ ಉಳಿದವು. 2021ರಲ್ಲಿ ಟೆಕ್ಸಾಸಿನ ಜೂನ್ ತಿಂಗಳ ಬಿಸಿಲಿನಲ್ಲಿ ಉತ್ಸವ ನಡೆಯಿತು. 2022ರಲ್ಲಿ ಮತ್ತೆ ವಸಂತಕ್ಕೆ ಮರಳಿತು.

ಅಡುಗೆಮನೆಯ ಉದ್ಯಮಕ್ಕೆ ಪೆಟ್ಟು ಬಂದದ್ದು ಬೇರೆ ದಿಕ್ಕಿನಿಂದ. ಹಕ್ಕಿಜ್ವರದಿಂದಾಗಿ ಕೋಟಿಗಟ್ಟಲೆ ಕೋಳಿಗಳನ್ನು ಕೊಲ್ಲಬೇಕಾಗಿ ಬಂದು, 2025ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಒಂದು ಡಜನ್ ಮೊಟ್ಟೆಯ ಸರಾಸರಿ ಬೆಲೆ 6 ಡಾಲರ್ 23 ಸೆಂಟ್ ಮುಟ್ಟಿತು. ಅದು ಅದುವರೆಗಿನ ದಾಖಲೆ. ಚಿಪ್ಪು ಕಸವೆಂಬ ಲೆಕ್ಕಾಚಾರ ಆ ವರ್ಷ ತಲೆಕೆಳಗಾಯಿತು. ಮನೆಯಲ್ಲಿ ಮೊಟ್ಟೆ ತಿನ್ನುವುದೇ ಕಡಿಮೆಯಾದರೆ ಚಿಪ್ಪು ಬರುವುದೆಲ್ಲಿಂದ? ಬೆಲೆ ಏರಿಸಿದರೆ, ತಲೆಯ ಮೇಲೆ ಒಡೆದುಹಾಕುವ ವಸ್ತುವಿಗೆ ಗಿರಾಕಿ ಎಷ್ಟು ಕೊಟ್ಟಾನು? ಈ ನಷ್ಟ ಯಾವ ಆಯೋಗದ ವರದಿಯಲ್ಲಿಯೂ, ಯಾವ ಸಂಘದ ಅಢಾವೆ ಪತ್ರಿಕೆಯಲ್ಲಿಯೂ ಕಾಣುವಂಥದಲ್ಲ. ಆ ಮನೆಗಳಲ್ಲಿ ಕಸ್ಕರೋನಿಗೆ ಪ್ರತ್ಯೇಕ ಖಾತೆ ಇಟ್ಟವರಿಲ್ಲ.